ತಡವರಿಸುವ ಎಂಜಿನ್: ತಪ್ಪು ಕಾರ್ಬುರೇಟರಿನದೇ?

ಅಡ್ಡರಸ್ತೆಯಿಂದ ಹೆದ್ದಾರಿಗೆ ಕಾರನ್ನು ತಿರುಗಿಸಬೇಕಾಗಿದೆ. ಬಲಗಡೆ ನೋಡುತ್ತೀರಿ. ಲಾರಿಯೊಂದು ಬರುತ್ತಿದೆ, ಆದರೆ ಸಾಕಷ್ಟು ದೂರದಲ್ಲಿದೆ. ಕ್ಲಚ್ ಬಿಟ್ಟು ಆಕ್ಸಿಲರೇಟರ್ ಒತ್ತುತ್ತೀರಿ. ಕಾರು ಮುಂದಕ್ಕೆ ನುಗ್ಗುವ ಬದಲು ಉಸಿರು ಸಿಕ್ಕಿಕೊಂಡಂತೆ ಮುಗ್ಗರಿಸುತ್ತದೆ. ಹೆಚ್ಚೆಂದರೆ ಒಂದು ಸೆಕೆಂಡ್. ಆಮೇಲೆ ಏನೂ ಆಗಿಲ್ಲವೆಂಬಂತೆ ಓಡತೊಡಗುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಲಾರಿ ಆ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಹತ್ತಿರ ಬಂದಿರುತ್ತದೆ. ಐದು ಮಾರುತಿ 800 ಕಾರುಗಳನ್ನು ಒಂದರ ಹಿಂದೊಂದು ನಿಲ್ಲಿಸಿದಷ್ಟು ದೂರ ಅದು!

ಹಳೆಯ ಕಾರುಗಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ಬಹಳ ಮಂದಿ ಅದಕ್ಕೆ ಹೊಂದಿಕೊಂಡುಬಿಟ್ಟಿರುತ್ತಾರೆ. 'ಸ್ವಲ್ಪ ಕ್ಲಚ್ ಹಿಡಿದು ರೇಸ್ ಮಾಡಿ ಬಿಟ್ಟರಾಯಿತು' ಎನ್ನುತ್ತಾರೆ ಅಪ್ಪ. ಅವರ ಕಾಲಿಗೆ ಇಪ್ಪತ್ತು ವರ್ಷದ ಅಭ್ಯಾಸವಿದೆ. ಆದರೆ ಅದೇ ಕಾರಿನಲ್ಲಿ ಡ್ರೈವಿಂಗ್ ಕಲಿತು ಕಾಲೇಜಿಗೆ ಹೊರಡುವ ಮಗನಿಗೋ ಮಗಳಿಗೋ ಆ ಉಪಾಯ ತಿಳಿಯದು. ಗ್ಯಾರೇಜಿಗೆ ಹೋದರೆ 'ಪಿಕಪ್ ಇಲ್ಲ ಮೇಸ್ತ್ರಿ' ಎಂಬ ಎರಡು ಮಾತಿನಲ್ಲಿ ದೂರು ಮುಗಿಯುತ್ತದೆ. 'ಕಾರ್ಬುರೇಟರ್ ಬಿಚ್ಚಿ ಕ್ಲೀನ್ ಮಾಡಿಬಿಡೋಣ ಸಾರ್' ಎಂಬಲ್ಲಿಗೆ ಚಿಕಿತ್ಸೆಯೂ ನಿರ್ಧಾರವಾಗುತ್ತದೆ. ಜ್ವರ ಎಂದೊಡನೆ ನಾಡಿ ನೋಡದೆ ಹೊಟ್ಟೆ ಕೊಯ್ಯುವ ವೈದ್ಯರನ್ನು ನಾವು ಒಪ್ಪುತ್ತೇವೆಯೇ? ಕಾರಿನ ವಿಷಯದಲ್ಲಿ ಮಾತ್ರ ಒಪ್ಪುತ್ತೇವೆ.

ಮಾರುತಿ 800 ಬೀದಿಗೆ ಬಂದದ್ದು 1983ರ ಡಿಸೆಂಬರಿನಲ್ಲಿ. 796 ಸಿ.ಸಿ.ಯ ಅದರ ಮೂರು ಸಿಲಿಂಡರುಗಳಿಗೆ ಪೆಟ್ರೋಲ್ ಉಣಿಸುತ್ತಿದ್ದುದು ಕಾರ್ಬುರೇಟರ್. 2000ದ ಸುಮಾರಿಗೆ ನಮ್ಮ ಕಾರುಗಳಲ್ಲಿ ಆ ಕೆಲಸವನ್ನು ಫ್ಯುಯೆಲ್ ಇಂಜೆಕ್ಷನ್ ವಹಿಸಿಕೊಂಡಿತು. ಮೋಟರ್ ಸೈಕಲ್ಲುಗಳಲ್ಲಿ ಕಾರ್ಬುರೇಟರ್ ಇನ್ನೂ ಇಪ್ಪತ್ತು ವರ್ಷ, ಎಂದರೆ 2020ರ ಏಪ್ರಿಲಿನಲ್ಲಿ ಬಿಎಸ್-6 ನಿಯಮ ಜಾರಿಗೆ ಬರುವವರೆಗೆ, ಉಳಿದುಕೊಂಡಿತ್ತು. ಹೀಗಾಗಿ ಮನೆಯ ಶೆಡ್ಡಿನಲ್ಲಿ ಹಳೆಯ ಮಾರುತಿಯನ್ನೋ ಪ್ರೀಮಿಯರ್ ಪದ್ಮಿನಿಯನ್ನೋ ಅಂಬಾಸಿಡರನ್ನೋ ಜೋಪಾನ ಮಾಡಿಕೊಂಡು, ಹದಿನೈದು ವರ್ಷದ ನಂತರ ನೋಂದಣಿ ನವೀಕರಿಸಿಕೊಂಡು ಓಡಿಸುತ್ತಿರುವವರು ಕಾರ್ಬುರೇಟರಿನ ಮರ್ಜಿಯನ್ನು ತಿಳಿದಿರಲೇಬೇಕು. ಅದನ್ನು ಬಲ್ಲ ಹಳೆಯ ಮೇಸ್ತ್ರಿಗಳು ವಿರಳವಾಗುತ್ತಿದ್ದಾರೆ ಎಂಬುದು ಇನ್ನೊಂದು ಕಾರಣ.

ಫ್ಲಿಟ್ ಪಂಪಿನ ತಮ್ಮ

ಹಿಂದೆ ಮನೆಗಳಲ್ಲಿ ಸೊಳ್ಳೆಗೆ ಔಷಧಿ ಹೊಡೆಯುತ್ತಿದ್ದ ಫ್ಲಿಟ್ ಪಂಪು ನೆನಪಿದೆಯೇ? ಹಿಡಿ ತಳ್ಳಿದಾಗ ಗಾಳಿ ಒಂದು ಸಣ್ಣ ಕೊಳವೆಯ ಬಾಯಿಯ ಮೇಲೆ ರಭಸದಿಂದ ಹಾಯುತ್ತದೆ. ವೇಗ ಹೆಚ್ಚಿದಲ್ಲಿ ಗಾಳಿಯ ಒತ್ತಡ ಕುಗ್ಗುತ್ತದೆ. ಡಬ್ಬಿಯೊಳಗಿನ ದ್ರವ ತಾನಾಗಿ ಮೇಲೇರಿ ತುಂತುರಾಗಿ ಹಾರುತ್ತದೆ. ಪಿಯುಸಿ ಭೌತಶಾಸ್ತ್ರದಲ್ಲಿ ಬರ್ನೌಲಿಯ ತತ್ವ ಎಂದು ಉರು ಹೊಡೆಯುವುದು ಇದನ್ನೇ. ಕಾರ್ಬುರೇಟರ್ ಇದರ ತಮ್ಮ. ಅಲ್ಲಿ ಗಾಳಿಯನ್ನು ತಳ್ಳುವ ಕೈಯಿಲ್ಲ, ಎಂಜಿನ್ನಿನ ಪಿಸ್ಟನ್ನುಗಳೇ ಎಳೆದುಕೊಳ್ಳುತ್ತವೆ. ನಡು ಸಣ್ಣಗಾದ ಕೊಳವೆಯಲ್ಲಿ ಗಾಳಿ ಹಾಯುವಾಗ ಪಕ್ಕದ ಪುಟ್ಟ ಬಟ್ಟಲಿನಿಂದ ಪೆಟ್ರೋಲ್ ಹೀರಲ್ಪಡುತ್ತದೆ. ಆ ಬಟ್ಟಲಲ್ಲಿ ಪೆಟ್ರೋಲಿನ ಮಟ್ಟ ಕಾಯುವುದು ಫ್ಲೋಟ್ ಎಂಬ ತೇಲುಗುಂಡು. ಮನೆಯ ಮೇಲಿನ ನೀರಿನ ಟ್ಯಾಂಕು ತುಂಬಿದಾಗ ನಲ್ಲಿ ಮುಚ್ಚುವುದಲ್ಲ, ಅದೇ ಏರ್ಪಾಡು. ಹಂಗೇರಿಯ ಡೊನಾಟ್ ಬಾಂಕಿ ಮತ್ತು ಯಾನೋಷ್ ಚೊಂಕಾ ಎಂಬಿಬ್ಬರು 1893ರಲ್ಲಿ ಇಂಥ ಕಾರ್ಬುರೇಟರಿಗೆ ಪೇಟೆಂಟ್ ಪಡೆದರು. ಹೂ ಮಾರುವ ಹುಡುಗಿಯೊಬ್ಬಳು ಹೂವಿಗೆ ನೀರು ಚಿಮುಕಿಸುವುದನ್ನು ಕಂಡು ಅವರಿಗೆ ಇದು ಹೊಳೆಯಿತು ಎಂಬ ಕಥೆಯೂ ಉಂಟು. ಕಥೆ ಚೆನ್ನಾಗಿದೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಕಾಲು ನಿಧಾನವಾಗಿ ಒತ್ತುತ್ತಿದ್ದರೆ ಈ ಲೆಕ್ಕವನ್ನು ಕಾರ್ಬುರೇಟರ್ ಹೆಚ್ಚುಕಡಿಮೆ ಕಾಯ್ದುಕೊಳ್ಳುತ್ತದೆ. ತಟ್ಟನೆ ಒತ್ತಿದಾಗ ಲೆಕ್ಕ ತಪ್ಪುತ್ತದೆ. ಹಗುರವಾದ ಗಾಳಿ ಒಡನೆಯೇ ಒಳನುಗ್ಗುತ್ತದೆ, ಭಾರವಾದ ಪೆಟ್ರೋಲ್ ಹಿಂದೆ ಬೀಳುತ್ತದೆ. ಇನ್ನೊಂದು ಕಾರಣ ಹೆಚ್ಚು ಸ್ವಾರಸ್ಯದ್ದು. ಎಂಜಿನ್ ಸುಮ್ಮನೆ ಗುಡುಗುಡು ಎನ್ನುತ್ತಿರುವಾಗ ಅದರ ಹೀರುಕೊಳವೆಯಲ್ಲಿ, ಅಂದರೆ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ, ಒತ್ತಡ ಬಹಳ ಕಡಿಮೆ. ಆದ್ದರಿಂದ ಪೆಟ್ರೋಲ್ ಸುಲಭವಾಗಿ ಆವಿಯಾಗಿರುತ್ತದೆ. ಥ್ರಾಟಲ್ ತೆರೆದೊಡನೆ ಹೊರಗಾಳಿ ನುಗ್ಗಿ ಒತ್ತಡ ಏರುತ್ತದೆ, ಆವಿಯ ಒಂದು ಪಾಲು ಮತ್ತೆ ಹನಿಯಾಗಿ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಅಡುಗೆ ಅನಿಲ ಸಿಲಿಂಡರಿನೊಳಗೆ ದ್ರವವಾಗಿ ಕೂತಿರುವುದೂ ಒತ್ತಡದ ಮಹಿಮೆಯೇ ಅಲ್ಲವೇ? ಹೀಗೆ, ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಬೇಕಾದ ಗಳಿಗೆಯಲ್ಲೇ ಕಡಿಮೆ ಸಿಗುತ್ತದೆ. ಮೇಸ್ತ್ರಿಗಳು ಇದನ್ನು 'ಲೀನ್ ಆಯ್ತು' ಎನ್ನುತ್ತಾರೆ.

ಈ ಕೊರತೆ ತುಂಬಲೆಂದೇ ಕಾರ್ಬುರೇಟರಿನ ಪಕ್ಕದಲ್ಲಿ ಆಕ್ಸಿಲರೇಟರ್ ಪಂಪ್ ಎಂಬ ಪುಟ್ಟ ಪಿಚಕಾರಿಯೊಂದಿದೆ. ಪೆಡಲ್ ಒತ್ತಿದಾಗ ಅದರ ರಬ್ಬರ್ ಡಯಾಫ್ರಮ್ ಅಥವಾ ತೊಗಲಿನ ಬಟ್ಟಲು ಅದುಮಿ, ಒಂದು ಸಣ್ಣ ರಂಧ್ರದಿಂದ ಪೆಟ್ರೋಲಿನ ಎಳೆಯೊಂದನ್ನು ಗಾಳಿಯ ದಾರಿಗೆ ಚಿಮ್ಮುತ್ತದೆ. ರಬ್ಬರ್ ಹರಿದರೆ, ತೊಗಲು ಒಣಗಿದರೆ, ರಂಧ್ರ ಕಟ್ಟಿದರೆ, ಸರಳು ಸಡಿಲವಾದರೆ ಪಿಚಕಾರಿ ಕೈಕೊಡುತ್ತದೆ. ಆಗ ನಾವು ಕಾಣುವುದೇ ಆ ಒಂದು ಸೆಕೆಂಡಿನ ಮುಗ್ಗರಿಕೆ.

ಹಾಗಾದರೆ ಕಾರ್ಬುರೇಟರ್ ಬಿಚ್ಚುವುದೇ ಸರಿಯಲ್ಲವೇ? ಅಲ್ಲ. ಇದೇ ಮುಗ್ಗರಿಕೆಯನ್ನು ಬೇರೆ ಅರ್ಧ ಡಜನ್ ದೋಷಗಳೂ ನಟಿಸಿ ತೋರಿಸಬಲ್ಲವು.

ಯಾವಾಗ ಎಂಬ ಪ್ರಶ್ನೆ

ಸ್ಪ್ಯಾನರ್ ಮುಟ್ಟುವ ಮೊದಲು ಒಂದು ನೋಟುಪುಸ್ತಕ ಹಿಡಿದು ಎರಡು ಮೂರು ದಿನ ಕಾರು ಓಡಿಸಿ. ಒಬ್ಬರು ಓಡಿಸಲಿ, ಪಕ್ಕದಲ್ಲಿ ಕೂತ ವಿದ್ಯಾರ್ಥಿ ಬರೆದುಕೊಳ್ಳಲಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಮಾತ್ರ ತಡವರಿಸಿ ಬಿಸಿಯಾದ ಮೇಲೆ ಸರಿಹೋದರೆ ಅದು ಬಹುಮಟ್ಟಿಗೆ ಚೋಕ್‌ನ ವಿಷಯ, ಇಲ್ಲವೇ ತಣ್ಣಗಿನ ಎಂಜಿನ್ನಿನ ಸಹಜ ಸ್ವಭಾವ. ಬಿಸಿಯಾದ ಮೇಲೆಯೇ ಶುರುವಾದರೆ ಇಗ್ನಿಷನ್ ಕಾಯಿಲ್, ಕಂಡೆನ್ಸರ್‌ಗಳನ್ನು ಸಂಶಯಿಸಬೇಕು. ಬಿರುಬೇಸಿಗೆಯಲ್ಲಿ ಪೆಟ್ರೋಲ್ ಪೈಪಿನಲ್ಲೇ ಕುದಿದು ಆವಿ ಕಟ್ಟಿಕೊಳ್ಳುವುದೂ ಉಂಟು. ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಘಾಟಿ ಹತ್ತುತ್ತಿದ್ದ ಟ್ಯಾಕ್ಸಿ ಚಾಲಕರು ಮೂರ್ಖರೇನಲ್ಲ. ಮಳೆಯಲ್ಲಿ ಮಾತ್ರ ಎಂದರೆ ಪ್ಲಗ್ ವೈರುಗಳು. ಪೆಡಲ್ ಒತ್ತಿದ ಆರಂಭದ ಕ್ಷಣ ಸರಿಯಾಗಿದ್ದು, ಉದ್ದನೆಯ ಏರು ಹತ್ತುವಾಗ ಅರ್ಧದಾರಿಯಲ್ಲಿ ಸೊರಗಿದರೆ ಪೆಟ್ರೋಲ್ ಸರಬರಾಜಿನಲ್ಲಿ ಕೊರತೆ: ಫಿಲ್ಟರ್ ಕಟ್ಟಿರಬಹುದು, ಪಂಪ್ ದುರ್ಬಲವಾಗಿರಬಹುದು, ಫ್ಲೋಟ್ ಮಟ್ಟ ಕೆಳಗಿರಬಹುದು. ನಿಂತಲ್ಲಿಂದ ಹೊರಡುವಾಗ, ಪೆಡಲ್ ತಟ್ಟನೆ ಒತ್ತಿದಾಗ ಮಾತ್ರ ಮುಗ್ಗರಿಸಿ, ಮೆಲ್ಲಗೆ ಒತ್ತಿದರೆ ಲೋಪವೇ ಕಾಣದಿದ್ದರೆ, ಆಗ ಪಿಚಕಾರಿಯ ಮೇಲೆ ಬೊಟ್ಟು ಮಾಡಬಹುದು.

'ಪಿಕಪ್ ಇಲ್ಲ' ಎಂಬ ಒಂದು ಮಾತು ಈ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿಬಿಡುತ್ತದೆ. ಮೇಸ್ತ್ರಿಯ ಮುಂದೆ 'ಬಿಸಿ ಎಂಜಿನ್, ಮೊದಲ ಗೇರ್, ತಟ್ಟನೆ ಒತ್ತಿದರೆ ಮಾತ್ರ' ಎಂದು ಹೇಳಿ ನೋಡಿ. ಅವರ ಮುಖದ ಕಳೆಯೇ ಬದಲಾಗುತ್ತದೆ.

ಕಿಡಿಯ ಕಳ್ಳಾಟ

ಕಾರ್ಬುರೇಟರಿಗೆ ಹೋಗುವ ಮುನ್ನ ಕಿಡಿಯನ್ನು ಪರೀಕ್ಷಿಸಬೇಕು. ಕಾರಣ ಹೀಗೆ: ಸುಮ್ಮನೆ ಓಡುತ್ತಿರುವ ಎಂಜಿನ್ನಿನ ಸಿಲಿಂಡರಿನಲ್ಲಿ ತುಂಬುವ ಮಿಶ್ರಣ ಸ್ವಲ್ಪವೇ, ಅದನ್ನು ಅದುಮಿದಾಗಿನ ಒತ್ತಡವೂ ಕಡಿಮೆ. ಪೆಡಲ್ ಒತ್ತಿದಾಗ ಸಿಲಿಂಡರ್ ತುಂಬ ತುಂಬಿ ಒತ್ತಡ ಏರುತ್ತದೆ. ಒತ್ತಡ ಹೆಚ್ಚಿದ ಅನಿಲದಲ್ಲಿ ಕಿಡಿ ನೆಗೆಯಲು ಹೆಚ್ಚು ವೋಲ್ಟೇಜ್ ಬೇಕು. ಜರ್ಮನಿಯ ಪಾಶೆನ್ 1889ರಲ್ಲೇ ಇದನ್ನು ಅಳೆದು ತೋರಿಸಿದ್ದ. ಸವೆದ ಪ್ಲಗ್ಗು, ಬಿರುಕುಬಿಟ್ಟ ವೈರು, ಸುಟ್ಟ ಪಾಯಿಂಟುಗಳು ನಿಂತಲ್ಲಿ ಕಿಡಿ ಕೊಡುತ್ತಲೇ ಇರುತ್ತವೆ, ಪೆಡಲ್ ಒತ್ತಿದ ಕ್ಷಣ ಸೋಲುತ್ತವೆ. ನೋಡುವವರಿಗೆ ಅದು ಥೇಟ್ ಕಾರ್ಬುರೇಟರಿನ ದೋಷದಂತೆಯೇ! ಕಾರ್ಬುರೇಟರ್ ಎರಡು ಬಾರಿ ತೊಳೆದು, ಮೂರನೆಯ ಬಾರಿ ಹೊಸದನ್ನೇ ಹಾಕಿ, ಕೊನೆಗೆ ಪ್ಲಗ್ ವೈರು ಬದಲಿಸಿದಾಗ ಗುಣವಾದ ಕಾರುಗಳ ಕಥೆ ಪ್ರತಿ ಊರಿನ ಗ್ಯಾರೇಜಿನಲ್ಲೂ ಸಿಗುತ್ತದೆ.

ಪ್ಲಗ್ ಬಿಚ್ಚಿ ಅದರ ತುದಿ ನೋಡಿ. ತೆಳು ಕಾಫಿಪುಡಿಯ ಬಣ್ಣವಿದ್ದರೆ ಕ್ಷೇಮ. ಬೂದಿಯಂತೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಕಿಡಿ ದುರ್ಬಲ. ಪ್ಲಗ್ ಮತ್ತು ಪಾಯಿಂಟುಗಳ ನಡುವಣ ಅಂತರವನ್ನು ವಾಹನದ ಕೈಪಿಡಿಯಲ್ಲಿರುವಂತೆ ಗೇಜ್ ಹಾಕಿಯೇ ಇಡಬೇಕು, ಪೋಸ್ಟ್ ಕಾರ್ಡು ಮಡಿಸಿ ತೂರಿಸುವುದು ತುರ್ತಿಗಷ್ಟೇ. ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ ಎಂಜಿನ್ ಓಡಿಸಿ ನೋಡಿದರೆ ಹಾಳಾದ ವೈರಿನಿಂದ ನೀಲಿ ಕಿಡಿಗಳು ಅಕ್ಕಪಕ್ಕದ ಲೋಹಕ್ಕೆ ನೆಗೆಯುವುದು ಕಣ್ಣಿಗೇ ಕಾಣುತ್ತದೆ. ನೋಡಿದರೆ ಸಾಕು, ಮುಟ್ಟಬೇಡಿ.

ಡಿಸ್ಟ್ರಿಬ್ಯೂಟರಿನ ಪಕ್ಕದಲ್ಲಿ ತಟ್ಟೆಯಾಕಾರದ ಡಬ್ಬಿಯೊಂದು, ಅದರಿಂದ ಕಾರ್ಬುರೇಟರಿಗೆ ಹೋಗುವ ಸಣ್ಣ ರಬ್ಬರ್ ಪೈಪು ಕಾಣುತ್ತದೆ. ಇದು ವ್ಯಾಕ್ಯೂಮ್ ಅಡ್ವಾನ್ಸ್. ಎಂಜಿನ್ ನಿಲ್ಲಿಸಿ, ಕಾರ್ಬುರೇಟರ್ ಕಡೆಯ ತುದಿ ಕಳಚಿ, ಒರೆಸಿ, ಬಾಯಿಂದ ಹೀರಿ ನೋಡಿ. ಒಳಗೆ ಡಯಾಫ್ರಮ್ ಸರಿಯಿದ್ದರೆ ಪೈಪು ನಾಲಿಗೆಗೆ ಕಚ್ಚಿಕೊಂಡು ನಿಲ್ಲುತ್ತದೆ. ಗಾಳಿ ಸಲೀಸಾಗಿ ಬರುತ್ತಲೇ ಇದ್ದರೆ ಅದು ಹರಿದಿದೆ. ಕಿಡಿಯ ಹೊತ್ತೂ ತಪ್ಪುತ್ತದೆ, ಬೇಡದ ಗಾಳಿಯೂ ಎಂಜಿನ್ನಿಗೆ ಸೇರುತ್ತದೆ. ಕಾಸಿಲ್ಲದ ಪರೀಕ್ಷೆ ಇದು, ಆದರೂ ಮಾಡುವವರೇ ಇಲ್ಲ.

ಇನ್ನೊಂದು ಕಾಸಿಲ್ಲದ ಪರೀಕ್ಷೆ ಚೋಕ್‌ನದು. ಕೈಯಿಂದ ಎಳೆಯುವ ಚೋಕ್ ಗುಂಡಿಯಿರುವ ಕಾರಿನಲ್ಲಿ, ಎಂಜಿನ್ ಬಿಸಿಯಾದ ಮೇಲೆ, ವಾಹನ ಸಂಚಾರವಿಲ್ಲದ ಬಯಲಿನಲ್ಲಿ, ಗುಂಡಿಯನ್ನು ಕಾಲುಭಾಗ ಎಳೆದು ತಟ್ಟನೆ ಪೆಡಲ್ ಒತ್ತಿ ನೋಡಬೇಕು. ಮುಗ್ಗರಿಕೆ ಮಾಯವಾದರೆ ಎಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ ಎಂಬುದು ಖಚಿತ. ಇನ್ನೂ ಹೆಚ್ಚಾದರೆ ಕಿಡಿಯನ್ನೋ ಅತಿಯಾದ ಪೆಟ್ರೋಲನ್ನೋ ಹುಡುಕಬೇಕು. ಹುಡುಕಾಟದ ಅರ್ಧ ದಾರಿ ಇಲ್ಲಿಗೇ ಸವೆಯುತ್ತದೆ.

ಕಣ್ಣಿಂದ ನೋಡಿ

ಈಗ ಕಾರ್ಬುರೇಟರಿನ ಬಳಿ ಬರೋಣ, ಬಿಚ್ಚಲು ಅಲ್ಲ, ಇಣುಕಲು. ಎಂಜಿನ್ ತಣ್ಣಗಿರಬೇಕು, ನಿಂತಿರಬೇಕು. ಬೀಡಿ, ಸಿಗರೇಟು, ದೀಪ ಹತ್ತಿರ ಸುಳಿಯಬಾರದು. ಎಂಜಿನ್ ಓಡಿಸಿ ಮಾಡುವ ಪರೀಕ್ಷೆಗಳಲ್ಲಿ ದುಪ್ಪಟ್ಟಾ, ಸಡಿಲ ತೋಳು, ಬಿಚ್ಚುಗೂದಲು ಫ್ಯಾನ್ ಬೆಲ್ಟಿನ ಬಳಿ ಹೋಗಬಾರದು. ಮಕ್ಕಳು ಒಬ್ಬರೇ ಈ ಕೆಲಸಕ್ಕೆ ಇಳಿಯುವುದು ಬೇಡ.

ಏರ್ ಕ್ಲೀನರ್ ಮುಚ್ಚಳ ತೆಗೆದು, ಚೋಕ್ ತಗಡು ತೆರೆದಿದೆಯೆಂದು ನೋಡಿಕೊಂಡು, ಮೇಲಿನಿಂದ ಕೊಳವೆಯೊಳಗೆ ಇಣುಕಿ, ಪೆಡಲ್ ಸೇರುವ ಸರಳನ್ನು ಕೈಯಿಂದ ತಿರುಗಿಸಿ. ಸರಳು ಅಲುಗಿದ ಮರುಕ್ಷಣವೇ ಪೆಟ್ರೋಲಿನ ಗಟ್ಟಿ ಎಳೆ ಚಿಮ್ಮಬೇಕು. ತಡವಾಗಿ ಬಂದರೆ ಸರಳು ಸಡಿಲವಾಗಿದೆ ಅಥವಾ ಒಳಗಿನ ಕವಾಟ ಸೋರುತ್ತಿದೆ. ತೊಟ್ಟಿಕ್ಕಿದರೆ ಡಯಾಫ್ರಮ್ ದಣಿದಿದೆ. ಏನೂ ಬಾರದಿದ್ದರೆ ರಂಧ್ರ ಕಟ್ಟಿದೆ, ಇಲ್ಲವೇ ಬಟ್ಟಲಲ್ಲಿ ಪೆಟ್ರೋಲೇ ಇಲ್ಲ. ಡಯಾಫ್ರಮ್ ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕ ಸಾಮಾನು. ಅದೊಂದಕ್ಕಾಗಿ ಇಡೀ ಕಾರ್ಬುರೇಟರ್ ಬದಲಿಸುವವರಿದ್ದಾರೆ. ಮಾರುಕಟ್ಟೆಯ ಡೂಪ್ಲಿಕೇಟ್ ಕಾರ್ಬುರೇಟರಿಗಿಂತ ಹಳೆಯ ಅಸಲಿಗೆ ಹೊಸ ರಬ್ಬರ್ ಹಾಕಿಸುವುದೇ ಮೇಲು ಎಂಬುದು ನನ್ನ ಮತ.

ಪಿಚಕಾರಿ ಸರಿಯಿದ್ದೂ ಪೆಟ್ರೋಲ್ ಸಾಲದಿದ್ದರೆ ಕಳ್ಳಗಾಳಿ ಎಲ್ಲಿಂದಲೋ ಬರುತ್ತಿದೆ. ಕಾರ್ಬುರೇಟರಿನ ಬುಡದ ಗ್ಯಾಸ್ಕೆಟ್ಟು, ಮ್ಯಾನಿಫೋಲ್ಡಿನ ಜೋಡಣೆ, ಬ್ರೇಕ್ ಬೂಸ್ಟರ್ ಇದ್ದರೆ ಅದಕ್ಕೆ ಹೋಗುವ ಪೈಪು ಇವು ಸಾಮಾನ್ಯ ತಾಣಗಳು. ಎಂಜಿನ್ ಓಡುತ್ತಿರುವಾಗ ಸಂಶಯವಿರುವ ಸಂದಿಗೆ ಎಣ್ಣೆ ಡಬ್ಬಿಯಿಂದ ಎರಡು ಹನಿ ಎಂಜಿನ್ ಆಯಿಲ್ ಬಿಡಿ. ಸಂದಿ ಸೋರುತ್ತಿದ್ದರೆ ಎಣ್ಣೆ ಅದನ್ನು ಅರೆಗಳಿಗೆ ಮುಚ್ಚಿ ಎಂಜಿನ್ನಿನ ಸದ್ದು ಬದಲಾಗುತ್ತದೆ. ಕೆಲವರು ಪೆಟ್ರೋಲನ್ನೇ ಸಿಂಪಡಿಸಿ ನೋಡುತ್ತಾರೆ. ಕಾರನ್ನೂ ಕೈಯನ್ನೂ ಸುಟ್ಟುಕೊಳ್ಳಲು ಅದಕ್ಕಿಂತ ಸುಲಭ ದಾರಿಯಿಲ್ಲ.

ಹೊಗೆ ಚೀಟಿ, ಕಬ್ಬಿನ ಎಣ್ಣೆ

ನಮ್ಮಲ್ಲಿ ಇನ್ನೊಂದು ವಿಶೇಷ ಕಾರಣ ಉಂಟು. ಹೊಗೆ ತಪಾಸಣೆಯಲ್ಲಿ 2000ಕ್ಕೆ ಮುಂಚಿನ ಪೆಟ್ರೋಲ್ ಕಾರುಗಳ ಕಾರ್ಬನ್ ಮಾನಾಕ್ಸೈಡ್ ಶೇ. 3ನ್ನು ಮೀರಬಾರದು. ಅಂಕಿ ಮೀರಿದರೆ ಏನು ಮಾಡುತ್ತಾರೆ? ಮಿಕ್ಸ್ಚರ್ ಸ್ಕ್ರೂವನ್ನು ಒಂದಿಷ್ಟು ಬಿಗಿ ಮಾಡುತ್ತಾರೆ. ಅಂಕಿ ಇಳಿಯುತ್ತದೆ, ಚೀಟಿ ಸಿಗುತ್ತದೆ. ತಪಾಸಣೆ ನಡೆಯುವುದು ಎಂಜಿನ್ ನಿಂತಲ್ಲಿ ಓಡುವಾಗ. ಆ ಸ್ಕ್ರೂ ಕೂಡ ಅದೇ ಸ್ಥಿತಿಯ ಮಿಶ್ರಣವನ್ನೇ ನಿಯಂತ್ರಿಸುವುದು. ಅದು ಅತಿಯಾಗಿ ತೆಳುವಾದರೆ ಹೊರಡುವ ಕ್ಷಣ ಕಾರು ಮುಗ್ಗರಿಸುತ್ತದೆ. ಆದ್ದರಿಂದ ತಡವರಿಕೆ ಹೊಗೆ ತಪಾಸಣೆಯ ಮರುದಿನದಿಂದ ಶುರುವಾಯಿತೇ ಎಂದು ನೆನಪಿಸಿಕೊಳ್ಳಿ. ಚೀಟಿಯಲ್ಲಿ ಆ ಅಂಕಿ ಅಚ್ಚಾಗಿರುತ್ತದೆ, ಹಳೆಯ ಚೀಟಿಗಳನ್ನು ಎಸೆಯದೆ ಇಟ್ಟವರು ಹೋಲಿಸಿ ನೋಡಬಹುದು. ಅಂಕಿ ಹೆಚ್ಚಿದ್ದಕ್ಕೆ ನಿಜವಾದ ಕಾರಣ ಕೊಳಕು ಏರ್ ಕ್ಲೀನರೋ ಏರಿದ ಫ್ಲೋಟೋ ಆಗಿದ್ದು, ಸ್ಕ್ರೂ ಬರೇ ಬಲಿಪಶುವಾಗಿರುತ್ತದೆ.

ಇತ್ತೀಚಿನದು ಎಥನಾಲ್. ಶೇ. 20 ಎಥನಾಲ್ ಬೆರೆತ ಇ-20 ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಲಾಯಿತು. ಶೇ. 20ರ ಗುರಿಗೆ ಮೊದಲು 2030ರ ಗಡುವು ಇತ್ತು, ಆದರೆ 2025ರಲ್ಲೇ ಮುಟ್ಟಿದ್ದಾಯಿತು. ಎಥನಾಲ್ ಕಬ್ಬು, ಧಾನ್ಯಗಳಿಂದ ಬರುತ್ತದೆ, ರೈತನಿಗೆ ಒಳ್ಳೆಯದು ಎಂಬ ವಾದ ಇಲ್ಲಿ ಬೇಡ. ಹಳೆಯ ಕಾರ್ಬುರೇಟರಿನ ದೃಷ್ಟಿಯಿಂದ ಮಾತ್ರ ನೋಡೋಣ. ಎಥನಾಲಿನ ತೂಕದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಆಮ್ಲಜನಕವೇ. ಆದ್ದರಿಂದ ಒಂದು ಗ್ರಾಂ ಇ-20 ಉರಿಯಲು ಸುಮಾರು 13.5 ಗ್ರಾಂ ಗಾಳಿ ಸಾಕು. ಆಮ್ಲಜನಕದ ಸೆನ್ಸರ್ ಇರುವ ಇಂಜೆಕ್ಷನ್ ಕಾರು ಅದನ್ನು ಅರಿತು ಹೆಚ್ಚು ಪೆಟ್ರೋಲ್ ಬಿಡುತ್ತದೆ. ಕಾರ್ಬುರೇಟರಿಗೆ ಅಂಥ ಮೂಗಿಲ್ಲ, ಅದು ಹಳೆಯ ಲೆಕ್ಕದಲ್ಲೇ ಬಡಿಸುತ್ತದೆ. ಮೊದಲೇ ಅಂಚಿನಲ್ಲಿದ್ದ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ. ಜೊತೆಗೆ ಎಥನಾಲ್ ಗಾಳಿಯ ತೇವ ಹೀರುತ್ತದೆ, ಹಳೆಯ ಕಾಲದ ರಬ್ಬರನ್ನು ಉಬ್ಬಿಸುತ್ತದೆ, ಗಡುಸು ಮಾಡುತ್ತದೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಕಾರಿಗೆ ಇದು ಹೆಚ್ಚು ತೊಂದರೆ. ಡಯಾಫ್ರಮ್, ಪೆಟ್ರೋಲ್ ಪೈಪುಗಳನ್ನು ಬದಲಿಸುವಾಗ ಎಥನಾಲ್ ತಾಳುವಂಥವನ್ನು ಕೇಳಿ ಹಾಕಿಸಿಕೊಳ್ಳಿ.

ಇಷ್ಟೆಲ್ಲ ನೋಡಿದ ಮೇಲೂ ಕಾರ್ಬುರೇಟರ್ ಬಿಚ್ಚಲೇಬೇಕೆಂದರೆ ಒಂದು ಎಚ್ಚರಿಕೆ. ಜೆಟ್‌ಗಳ ರಂಧ್ರಕ್ಕೆ ತಂತಿ, ಗುಂಡುಸೂಜಿ ತೂರಿಸಲು ಬಿಡಬೇಡಿ. ಹಿತ್ತಾಳೆ ಮೆದು ಲೋಹ. ಸೋಲೆಕ್ಸ್, ವೆಬರ್ ಕಾರ್ಬುರೇಟರುಗಳಲ್ಲಿ ಮುಖ್ಯ ಜೆಟ್ಟಿನ ಮೇಲೆ 110 ಎಂದಿದ್ದರೆ ಅದರ ರಂಧ್ರ 1.10 ಮಿ.ಮೀ. ತಂತಿ ಆಡಿಸಿ ಅದು 1.15 ಆಯಿತೆನ್ನಿ. ವ್ಯತ್ಯಾಸ ಕೂದಲೆಳೆಗಿಂತ ಕಡಿಮೆ ಎನಿಸಬಹುದು. ವಿದ್ಯಾರ್ಥಿಗಳು ವಿಸ್ತೀರ್ಣದ ಲೆಕ್ಕ ಹಾಕಿ ನೋಡಲಿ: ರಂಧ್ರ ಶೇ. 9ರಷ್ಟು ದೊಡ್ಡದಾಗಿರುತ್ತದೆ! ಕ್ಲೀನರ್ ದ್ರವ ಹಾಕಿ ಗಾಳಿ ಊದಿದರೆ ಸಾಕು.

ಪಂಪಿಲ್ಲದ ಸಂತಾನ

ಎಲ್ಲ ಕಾರ್ಬುರೇಟರಿಗೂ ಪಿಚಕಾರಿ ಇರುವುದಿಲ್ಲ. ಹಳೆಯ ಮಾರಿಸ್ ಮೈನರಿನ ಎಸ್‌ಯು ಕಾರ್ಬುರೇಟರಿನಲ್ಲಿ ಗಂಟೆಯಾಕಾರದ ಗೂಡಿನೊಳಗೆ ಪಿಸ್ಟನ್ನೊಂದು ಏರಿಳಿಯುತ್ತದೆ. ಅದರ ನೆತ್ತಿಯ ಕೊಳವೆಯಲ್ಲಿ ಒಂದಿಷ್ಟು ಎಣ್ಣೆ ಇರುತ್ತದೆ. ಪೆಡಲ್ ಒತ್ತಿದಾಗ ಪಿಸ್ಟನ್ ತಟ್ಟನೆ ಏರದಂತೆ ಈ ಎಣ್ಣೆ ತಡೆಯುತ್ತದೆ. ಗಾಳಿಯ ದಾರಿ ಕ್ಷಣಕಾಲ ಇಕ್ಕಟ್ಟಾಗಿಯೇ ಉಳಿದು ಪೆಟ್ರೋಲ್ ಹೆಚ್ಚು ಬರುತ್ತದೆ. ಆ ಎಣ್ಣೆ ತೀರಿದರೆ ಕಾರು ಮುಗ್ಗರಿಸುತ್ತದೆ. ಚಿಕಿತ್ಸೆ? ಮೇಲಿನ ಮುಚ್ಚಳ ತಿರುಗಿಸಿ ಚಮಚದಷ್ಟು ಎಣ್ಣೆ ಹಾಕುವುದು.

ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ, ಕಾಲೇಜು ಹುಡುಗರ ಕಣ್ಮಣಿಯಾಗಿದ್ದ ಯಮಹಾ ಆರ್‌ಎಕ್ಸ್ 100 ಇವುಗಳಲ್ಲಿ ಪಂಪೂ ಇಲ್ಲ, ಎಣ್ಣೆಯೂ ಇಲ್ಲ. ಕೈಹಿಡಿ ತಿರುಗಿಸಿದರೆ ಕೇಬಲ್ಲು ಒಂದು ಸ್ಲೈಡನ್ನು ನೇರವಾಗಿ ಮೇಲಕ್ಕೆತ್ತುತ್ತದೆ, ಅಷ್ಟೇ. ಎಂಜಿನ್ ಇನ್ನೂ ಮೆಲ್ಲಗೆ ಓಡುತ್ತಿರುವಾಗ ಹಿಡಿಯನ್ನು ಒಂದೇ ಏಟಿಗೆ ಪೂರ್ತಿ ತಿರುಗಿಸಿದರೆ ಗಾಳಿಯ ವೇಗ ಕುಸಿದು ಪೆಟ್ರೋಲ್ ಮೇಲೇರದೆ ಬೈಕು 'ಬ್ವಾ' ಎಂದು ಸೊರಗುತ್ತದೆ. ಮೆಲ್ಲಗೆ ತಿರುಗಿಸಿದಾಗ ಸರಿಯಾಗಿಯೇ ಓಡುವ ಇಂಥ ಬೈಕನ್ನು ಗ್ಯಾರೇಜಿಗೆ ಒಯ್ದು ಕಾರ್ಬುರೇಟರ್ ಬಿಚ್ಚಿಸಿದರೆ ಹಣ ಹೋಗುತ್ತದೆಯೇ ಹೊರತು ತಡವರಿಕೆ ಹೋಗುವುದಿಲ್ಲ. ಅಲ್ಲಿ ರಿಪೇರಿಯಾಗಬೇಕಾದದ್ದು ಸವಾರನ ಮಣಿಕಟ್ಟು.